ಅಳತೆಯಮ್ಮನ ಬರಿಗೈ

ಮನೆಗೆ ಇದ್ದದ್ದು ನಾಲ್ಕು ಕಿಟಕಿ. ಕೋಣೆಯಲ್ಲಿ ಮಡಿಸಿಟ್ಟಿದ್ದ ಪರದೆಗಳು ಹತ್ತೊಂಬತ್ತು. ಅವುಗಳಲ್ಲಿ ಒಂದಾದರೂ ಒಂದು ಕಿಟಕಿಗಾದರೂ ಸರಿಹೊಂದಬೇಡವೇ? ಇಲ್ಲ. ಕೆಲವು ಅರ್ಧಕ್ಕೇ ನಿಲ್ಲುತ್ತಿದ್ದವು, ಕೆಲವು ನೆಲ ಗುಡಿಸುತ್ತಿದ್ದವು. ಇಷ್ಟನ್ನೂ ಕೊಂಡು ತಂದವಳು ಅಳತೆಯ ಗಂಧಗಾಳಿ ಇಲ್ಲದ ಹೆಂಗಸಾಗಿದ್ದರೆ ಹೋಗಲಿ ಪಾಪ ಎನ್ನಬಹುದಿತ್ತು. ಅವಳಿಗೆ ಅಳತೆಯೇ ಹೊಟ್ಟೆಪಾಡು.

ದೊಡ್ಡ ಬಟ್ಟೆ ಅಂಗಡಿಯ ಮೂರನೆಯ ಮಹಡಿಯಲ್ಲಿ, ಬಟ್ಟೆ ಹಾಕಿ ನೋಡುವ ಕೋಣೆಗಳ ಹಿಂದೆ, ಅವಳ ಹೊಲಿಗೆ ಯಂತ್ರ ಇತ್ತು. ಗಿರಾಕಿಗಳು ಕೊಂಡ ಬಟ್ಟೆಯನ್ನು ಅವರವರ ಮೈಗೆ ತಕ್ಕಂತೆ ಗಿಡ್ಡ ಮಾಡುವುದು, ಬಿಗಿ ಮಾಡುವುದು, ಸಡಿಲ ಮಾಡುವುದು ಅವಳ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಅಳತೆಪಟ್ಟಿ ಕೊರಳಲ್ಲೇ ಇರುತ್ತಿದ್ದರಿಂದ ಅಂಗಡಿಯಲ್ಲಿ ಅವಳಿಗೆ ಅಳತೆಯಮ್ಮ ಎಂದೇ ಹೆಸರು. ರಿಯಾಯಿತಿ ಮಾರಾಟದ ಮರುದಿನ ದೊಗಲೆ ಅಂಗಿ ಹಿಡಿದುಕೊಂಡು ಬರುವವರಿಗೆ ಅವಳು ಚೆನ್ನಾಗಿ ಚಳಿ ಬಿಡಿಸುತ್ತಿದ್ದಳು. “ಅಗ್ಗಕ್ಕೆ ಸಿಕ್ತು ಅಂತ ಎರಡು ಸೈಜು ದೊಡ್ಡದು ತಗೊಂಡ್ರಾ? ಬಟ್ಟೆ ಅಗ್ಗ ಆಯ್ತು ಅಂತ ಮೈ ಬೆಳೆಯುತ್ತಾ?”

ಅದೇ ಬಾಯಿ ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಕಟ್ಟಿಹೋಗುತ್ತಿತ್ತು. ಯಾವುದೋ ಅಂಗಡಿಯ ಗಾಜಿನ ಹಿಂದೆ ಒಂದು ಬೆಲೆಯ ಮೇಲೆ ಕೆಂಪು ಗೀಟು ಎಳೆದಿದ್ದು ಕಂಡರೆ ಸಾಕು, ಕೈ ತುರಿಸತೊಡಗುತ್ತಿತ್ತು. ನಾಲ್ವರು ಅಕ್ಕಂದಿರಿಗೆ ಒಬ್ಬಳೇ ತಂಗಿ ಅವಳು. ಎಲ್ಲರೂ ಆರಿಸಿಕೊಂಡ ಮೇಲೆ ಉಳಿದದ್ದು ಅವಳ ಪಾಲಿಗೆ ಬರುತ್ತಿತ್ತು. ಈಗಲೂ ಯಾರೋ ಅಕ್ಕ ಹಿಂದಿನಿಂದ ಕೈ ಚಾಚಿ ಕಿತ್ತುಕೊಂಡುಬಿಡುತ್ತಾಳೆ ಎಂಬ ಹಾಗೆ ವಸ್ತುವನ್ನು ಎದೆಗೆ ಅವಚಿಕೊಂಡು ಹಣ ಕಟ್ಟುವ ಕಡೆ ಓಡುತ್ತಿದ್ದಳು. ಮನೆಗೆ ತಂದ ಮೇಲೆ ಅದನ್ನು ಬಿಚ್ಚಿಯೂ ನೋಡುತ್ತಿರಲಿಲ್ಲ. ಹಾಗಾಗಿ ಪರದೆಗಳನ್ನು ಕತ್ತರಿಸಿ ಹೊಲಿದುಕೊಳ್ಳುವ ಪ್ರಶ್ನೆಯೇ ಬರಲಿಲ್ಲ. ಪರದೆಗಳ ಜೊತೆ ಡಬ್ಬಿ ಒಡೆಯದ ಮೂರು ಇಸ್ತ್ರಿಪೆಟ್ಟಿಗೆಗಳು, ಮೂರು ಜನರ ಮನೆಗೆ ಇಪ್ಪತ್ತನಾಲ್ಕು ತಟ್ಟೆಗಳು, ಒಂದು ಡೇರೆ. ಹೌದು, ಡೇರೆ. ಆ ಮನೆಯಲ್ಲಿ ಬಯಲಲ್ಲಿ ಒಂದು ರಾತ್ರಿ ಮಲಗಿದವರು ಯಾರೂ ಇರಲಿಲ್ಲ.

ಹೀಗೆ ಮುಂಬದಿಯ ಕೋಣೆ ಸೂರಿನವರೆಗೆ ತುಂಬಿ ಕೂತಿದ್ದಾಗ ಅವಳೊಂದು ಎಡವಟ್ಟು ಮಾಡಿಕೊಂಡಳು. ನಾಟಕ ತಂಡವೊಂದರ ನಿರ್ದೇಶಕಿ ಕೋಟು ಸರಿಮಾಡಿಸಲು ಬಂದವರು ಅವಳ ಹೊಲಿಗೆಯನ್ನು ಒಳಮೈ ಹೊರಮೈ ಮಾಡಿ ನೋಡಿ, ಹೊಸ ನಾಟಕಕ್ಕೆ ಮೂವತ್ತು ಉಡುಪು ಬೇಕು, ಚೆನ್ನಾಗಿ ಬಂದರೆ ವರ್ಷವಿಡೀ ಕೆಲಸ ಇರುತ್ತದೆ, ನಿಮ್ಮದೇ ಜಾಗ ಇದೆಯಾ ಎಂದು ಕೇಳಿದರು. “ಇದೆ, ಮನೇಲೇ ಒಂದು ಕೋಣೆ ಇದೆ” ಎಂದುಬಿಟ್ಟಳು. ನಿರ್ದೇಶಕಿ ಶನಿವಾರ ನಾಲ್ಕು ಗಂಟೆಗೆ ಬಂದು ನೋಡುತ್ತೇನೆಂದರು. ಇಪ್ಪತ್ತೆರಡು ವರ್ಷ ಇನ್ನೊಬ್ಬರ ಅಂಗಡಿಯ ಹಿಂಬದಿಯಲ್ಲಿ ಕಿಟಕಿಯಿಲ್ಲದೆ ಕೂತವಳಿಗೆ ತನ್ನದೇ ಬಾಗಿಲು, ತನ್ನದೇ ಬೆಳಕು ಸಿಗುವುದಾದರೆ ಅದು ಈಗಲೇ, ಇಲ್ಲದಿದ್ದರೆ ಇಲ್ಲ.

ಆದರೆ ಪಂಪು ರಿಪೇರಿ ಮಾಡುವ ಗಂಡ ಅದೇ ಕೋಣೆಯನ್ನು ಖಾಲಿ ಮಾಡಿಸಿ ತನ್ನ ಗೆಳೆಯನಿಗೆ ಬಾಡಿಗೆಗೆ ಕೊಡುವ ಲೆಕ್ಕದಲ್ಲಿದ್ದ. ಅವಳ ಮಾತು ಕೇಳಿ ಗಹಗಹಿಸಿ ನಕ್ಕ.

“ಶನಿವಾರ ನಿಮ್ಮ ಅಂಗಡೀಲಿ ದೊಡ್ಡ ಸೇಲ್ ತಾನೆ? ಅವತ್ತು ನೀನು ಬರಿಗೈಲಿ ಮನೆಗೆ ಬಂದ್ರೆ ಕೋಣೆ ನಿಂದು. ಒಂದು ಕರ್ಚೀಫ್ ತಂದ್ರೂ ಗೆಳೆಯನಿಗೆ. ಬಾಗಿಲಲ್ಲೇ ಚೀಲ ನೋಡ್ತೀನಿ.”

“ಅವಳ ಕೈಲಾಗುತ್ತೇನೋ” ಎಂದು ಅತ್ತೆ ಮೂಗು ಮುರಿದರು.

“ಆಗಲಿ” ಎಂದಳು ಅವಳು. ಹೇಳಿದ ಕ್ಷಣವೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಚೀಲ ನೋಡ್ತೀನಿ ಎಂಬ ಮಾತು ಎಲ್ಲೋ ಚುಚ್ಚಿತ್ತು. ಎಲ್ಲಿ ಎಂದು ಆಗ ತಿಳಿಯಲಿಲ್ಲ.

ಐದು ಸಂಜೆ ಕೋಣೆ ಖಾಲಿ ಮಾಡಿದಳು. ಪರದೆಗಳನ್ನು ಎರಡು ಬೀದಿ ಆಚೆಯ ಶಾಲೆಗೆ, ತಟ್ಟೆಗಳನ್ನು ವೃದ್ಧಾಶ್ರಮಕ್ಕೆ, ಡೇರೆಯನ್ನು ರಸ್ತೆ ಕೆಲಸದವರಿಗೆ ಕೊಟ್ಟಳು. ಮೂರನೆಯ ಇಸ್ತ್ರಿಪೆಟ್ಟಿಗೆ ಕೊಡುವಾಗ ಅಳು ಬಂತು, ಅತ್ತಳು ಕೂಡ, ಅಳುತ್ತಲೇ ಕೊಟ್ಟಳು. ಅತ್ತೆ ಬಾಗಿಲಲ್ಲಿ ನಿಂತು ನೋಡಿ, “ಈ ಕೋಣೆಗೆ ನೆಲ ಇದೆ ಅನ್ನೋದೇ ಮರೆತುಹೋಗಿತ್ತು” ಎಂದರು. ಶುಕ್ರವಾರ ಸಂಜೆ ಕಿಟಕಿಯ ಕೆಳಗೆ ತನ್ನ ಹಳೆಯ ಯಂತ್ರವನ್ನು ಇಟ್ಟು, ಮೇಜಿನ ಮೇಲೆ ತಾನು ಹೊಲಿದ ಒಂದು ಮೇಲಂಗಿ ಹರಡಿ, ಬರಿಯ ಗೋಡೆಗಳನ್ನು ನೋಡುತ್ತ ಬಹಳ ಹೊತ್ತು ಕೂತಳು.

ರಿಯಾಯಿತಿ ಮಾರಾಟದ ದಿನ ಅಂಗಡಿಯಲ್ಲಿದ್ದ ಪದ್ಧತಿ ಹೇಳಬೇಕು. ಜನರಿಗೆ ಬಾಗಿಲು ತೆಗೆಯುವ ಮೊದಲು ಒಂದು ಗಂಟೆ ಸಿಬ್ಬಂದಿಗೆ ಕೊಳ್ಳಲು ಬಿಡುತ್ತಿದ್ದರು. ಮೇಲ್ನೋಟಕ್ಕೆ ಎಂಥ ಧಾರಾಳ! ಆದರೆ ಕೊಂಡವರು ಚೀಲ ಹೊತ್ತು ಮುಂಬಾಗಿಲಿನಿಂದ ಹೊರಗೆ ಬಂದು, ಸಾಲು ನಿಂತ ಜನರ ಎದುರು ಹಾದು, ಪಕ್ಕದ ಓಣಿಯಿಂದ ಮತ್ತೆ ಒಳಗೆ ಹೋಗಬೇಕು. ತುಂಬಿದ ಚೀಲಗಳನ್ನು ಕಂಡರೆ ಸಾಲಿನಲ್ಲಿದ್ದವರಿಗೆ ಒಳ್ಳೆಯದೆಲ್ಲ ಖಾಲಿಯಾಯಿತೆಂದು ಎದೆ ಹೊಡೆದುಕೊಳ್ಳುತ್ತದೆ, ಬಾಗಿಲು ತೆಗೆದೊಡನೆ ಮುನ್ನುಗ್ಗುತ್ತಾರೆ. ಹತ್ತು ವರ್ಷಗಳಿಂದ ಆ ಮೆರವಣಿಗೆಯ ಮುಂಚೂಣಿಯಲ್ಲಿ ಎರಡೂ ಕೈಗೆ ಮೂರು ಮೂರು ಚೀಲ ಸಿಕ್ಕಿಸಿಕೊಂಡು ನಡೆದವಳು ಅಳತೆಯಮ್ಮನೇ.

ಆ ಶನಿವಾರ ಅವಳು ಯಂತ್ರದ ಮುಂದೆ ಕೂತೇ ಗಂಟೆ ಕಳೆಯಬಹುದಿತ್ತು. ಕೂರಲಿಲ್ಲ. ಬಚ್ಚಿಟ್ಟುಕೊಂಡು ಗೆಲ್ಲುವುದು ಯಾವ ಗೆಲುವು ಎನ್ನಿಸಿ ಬೇಕೆಂದೇ ಕೆಳಗಿಳಿದಳು. ಹಣ ಕಟ್ಟಿಸಿಕೊಳ್ಳುವ ಹುಡುಗಿ, ಎಲ್ಲರ ಹತ್ತಿರವೂ ಚಿಲ್ಲರೆ ಚಿಲ್ಲರೆ ಎನ್ನುವುದರಿಂದ ಚಿಲ್ಲರೆ ಎಂದೇ ಕರೆಸಿಕೊಳ್ಳುವವಳು, ಓಡಿಬಂದು ಅವಳ ತೋಳು ಹಿಡಿದಳು.

“ಅಕ್ಕಾ, ಬನ್ನಿ ಬನ್ನಿ. ನಿಮಗೋಸ್ಕರ ಒಂದು ಎತ್ತಿಟ್ಟಿದ್ದೀನಿ. ನೋಡಿದ್ರೆ ಬಿಡಲ್ಲ.”

ಕಡುಗೆಂಪು ಬಣ್ಣದ ಉದ್ದನೆಯ ಉಣ್ಣೆಯ ಕೋಟು. ಅಭ್ಯಾಸಬಲದಿಂದ ಅವಳು ಮೊದಲು ತೋಳಿನ ಅಂಚನ್ನು ಮಗುಚಿ ನೋಡಿದಳು. ನೋಡಿದವಳು ಹಾಗೇ ನಿಂತಳು. ಆ ಹೊಲಿಗೆ ಅವಳದೇ. ನಾಲ್ಕು ಹೊಲಿಗೆಗೊಂದು ಸಣ್ಣ ಗಂಟು ಹಾಕುವುದು ಆ ಊರಲ್ಲಿ ಬೇರೆ ಯಾರಿಗೂ ಇಲ್ಲದ ಅವಳ ಚಾಳಿ. ನೆನಪಾಯಿತು. ಹೋದ ಚಳಿಗಾಲದಲ್ಲಿ ಯಾರೋ ತೋಳು ಎರಡು ಬೆರಳು ಗಿಡ್ಡ ಮಾಡಿಸಿ, ಆಮೇಲೆ ಮನಸ್ಸು ಬದಲಾಯಿಸಿ ವಾಪಸು ಕೊಟ್ಟಿದ್ದರು. ಅಂದು ಅಳತೆ ಸರಿಬಂತೇ ಎಂದು ಅವಳು ತನ್ನ ಮೈಮೇಲೇ ಹಾಕಿ ನೋಡಿದ್ದಳು.

ಈಗಲೂ ಹಾಕಿಕೊಂಡಳು. ಕನ್ನಡಿಯಲ್ಲಿ ಕೋಟಿನ ಭುಜ ಅವಳ ಭುಜದ ಮೇಲೆ ಸರಿಯಾಗಿ ಕೂತಿತ್ತು, ತೋಳು ಮಣಿಕಟ್ಟಿಗೆ ಸರಿಯಾಗಿ ಬಂದು ನಿಂತಿತ್ತು. ಬಟ್ಟೆಯಲ್ಲಿ ಒಂದು ಕುಂದಿರಲಿಲ್ಲ. ಗೀಟು ಎಳೆದ ಹಳೆಯ ಬೆಲೆಯೂ ಕಟ್ಟುಕತೆಯಲ್ಲ, ಅದು ಆ ಬೆಲೆಗೇ ಮಾರಾಟವಾದದ್ದನ್ನು ಅವಳೇ ಕಂಡಿದ್ದಳು. ಅದರ ಕಾಲು ಭಾಗಕ್ಕೆ ಈಗ ಕೊಡುತ್ತಿದ್ದಾರೆ. ದೊಗಲೆ ಎನ್ನೋಣವೆಂದರೆ ದೊಗಲೆಯಲ್ಲ, ಮೋಸ ಎನ್ನೋಣವೆಂದರೆ ಮೋಸವಲ್ಲ. ಬೇಡವೆನ್ನಲು ಕೋಟಿನಲ್ಲಿ ಒಂದೇ ಒಂದು ನೆಪವೂ ಸಿಗಲಿಲ್ಲ. ಅವಳ ಬೆರಳುಗಳು ಆಗಲೇ ಗುಂಡಿ ಹಾಕುತ್ತಿದ್ದವು.

“ನಿಮಗೇ ಹೊಲಿದ ಹಾಗಿದೆ” ಎಂದ ಮ್ಯಾನೇಜರ್, ಹಿಂದಿನಿಂದ ಬಂದು. “ಹಾಕ್ಕೊಂಡೇ ಹೊರಗೆ ಹೋಗಿ, ಮೆರವಣಿಗೆಗೆ ಕಳೆ ಬರುತ್ತೆ.”

ಅವಳು ಒಂದೊಂದೇ ಗುಂಡಿ ಬಿಚ್ಚಿದಳು. ಐದು ಗುಂಡಿ. ಐದೂ ಭಾರವಾಗಿದ್ದವು.

“ಬೇಡ.”

“ಯಾಕೆ? ಸರಿಯಾಗಿಲ್ವಾ?”

“ಸರಿಯಾಗಿದೆ.”

“ಬೆಲೆ ಜಾಸ್ತಿ ಆಯ್ತಾ?”

“ಪುಕ್ಕಟೆ ಕೊಟ್ಟ ಹಾಗಿದೆ.”

“ಮತ್ತೆ ಬೇಡ ಅಂದ್ರೆ?”

“ಬೇಡ ಅಂದ್ರೆ ಬೇಡ. ಚೆನ್ನಾಗಿರೋದೆಲ್ಲ ನನ್ನ ಮನೆಗೇ ಬರಬೇಕು ಅಂತ ಏನಿದೆ? ಮನೇಲಿ ಒಂದು ಕೋಟು ಇದೆ, ನನಗಿರೋದೂ ಒಂದೇ ಮೈ.”

ಮ್ಯಾನೇಜರ್ ನಗಲು ನೋಡಿದ, ಆಗಲಿಲ್ಲ. ದನಿ ತಗ್ಗಿಸಿ ಹೇಳಿದ, “ನೋಡಿಯಮ್ಮ, ಕೊಳ್ಳದಿದ್ರೆ ಹೋಗ್ಲಿ. ಜನ ನಿಮ್ಮನ್ನೇ ನೋಡ್ತಾರೆ. ಎರಡು ಚೀಲಕ್ಕೆ ಹಳೇ ಪೇಪರ್ ತುಂಬಿಸಿಕೊಡ್ತೀನಿ, ಹೊತ್ಕೊಂಡು ಹೋಗಿ ಸಾಕು.”

ಅಷ್ಟು ಹೊತ್ತು ಅವಳಿಗೆ ಬಂದಿದ್ದು ಸಂಕಟ. ಈಗ ಬಂದಿದ್ದು ಸಿಟ್ಟು. ಹತ್ತು ವರ್ಷ ತಾನು ಹೊತ್ತ ಚೀಲಗಳಿಗೂ ಈ ಕಾಗದದ ಚೀಲಗಳಿಗೂ ಇವನ ಕಣ್ಣಲ್ಲಿ ಏನೂ ವ್ಯತ್ಯಾಸವಿಲ್ಲ ಎಂದು ಅವಳಿಗೆ ಆ ಕ್ಷಣ ಗೊತ್ತಾಯಿತು.

“ಹೋಗ್ತೀನಿ” ಎಂದಳು. “ಮುಂಬಾಗಿಲಿಂದಲೇ ಹೋಗ್ತೀನಿ. ಹೀಗೇ.”

ಹೊರಗೆ ಸಾಲು ಮೂಲೆ ದಾಟಿ ತಿರುಗಿತ್ತು. ಚೀಲ ಹೊತ್ತವರ ನಡುವೆ ಅಳತೆಯಮ್ಮ ಎರಡೂ ಕೈ ಬೀಸಿಕೊಂಡು, ಕೊರಳ ಅಳತೆಪಟ್ಟಿ ಅಲ್ಲಾಡಿಸಿಕೊಂಡು ನಡೆದಳು. ಕೈಗಳು ವಿಚಿತ್ರ ಹಗುರವಾಗಿದ್ದವು, ಎಲ್ಲಿಡಬೇಕೆಂದೇ ತೋಚಲಿಲ್ಲ. ಸಾಲಿನಲ್ಲಿದ್ದ ಒಬ್ಬ ಹೆಂಗಸು ಗಾಬರಿಯಿಂದ ಕೇಳಿದಳು, “ಏನಮ್ಮ, ಒಳಗೆ ಏನೂ ಚೆನ್ನಾಗಿಲ್ವಾ?”

“ಎಲ್ಲಾ ಚೆನ್ನಾಗಿದೆ. ನನಗೆ ಬೇಡ, ಅಷ್ಟೇ.”

ಆ ಹೆಂಗಸು ಸಾಲು ಬಿಟ್ಟು ಹೋದಳೇ? ಎಲ್ಲಿಯ ಮಾತು. ಇನ್ನೂ ಒಂದು ಹೆಜ್ಜೆ ಮುಂದೆ ಸರಿದು ನಿಂತಳು. ಅದನ್ನು ಕಟ್ಟಿಕೊಂಡು ಅಳತೆಯಮ್ಮನಿಗೆ ಏನಾಗಬೇಕಿತ್ತು, ಅವಳು ಓಣಿಗೆ ತಿರುಗಿ ಮಹಡಿ ಹತ್ತಿ ತನ್ನ ಯಂತ್ರದ ಮುಂದೆ ಕೂತಳು. ಸೂಜಿಗೆ ದಾರ ಪೋಣಿಸಲು ಮೂರು ಸಲ ಬೇಕಾಯಿತು.

ಅರ್ಧ ದಿನದ ಕೆಲಸ ಮುಗಿಸಿ ಮನೆಗೆ ಬಂದಾಗ ಮೂರೂವರೆ. ಗಂಡ ಹೊಸ್ತಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತಿದ್ದ. ಅವಳ ಹೆಗಲ ಚೀಲದಲ್ಲಿ ಇದ್ದದ್ದು ಊಟದ ಖಾಲಿ ಡಬ್ಬಿ ಮತ್ತು ಕನ್ನಡಕ.

“ಚೀಲ ತೆಗಿ” ಎಂದ.

ದಾರಿಯುದ್ದಕ್ಕೂ ಅವಳು ಇದೇ ಗಳಿಗೆಗೆ ಕಾದಿದ್ದಳು. ಡಬ್ಬಿಯನ್ನು ಅವನ ಮೂಗಿನ ಕೆಳಗೆ ಹಿಡಿದು, ಅವನ ಮುಖ ಪೆಚ್ಚಾಗುವುದನ್ನು ಕಣ್ತುಂಬ ನೋಡಬೇಕೆಂದಿದ್ದಳು. ಕೈ ಚೀಲದ ಬಾಯಿಯವರೆಗೂ ಹೋಯಿತು. ಅಲ್ಲಿ ನಿಂತಿತು. ಚುಚ್ಚಿದ್ದು ಎಲ್ಲಿ ಎಂದು ಈಗ ತಿಳಿಯಿತು. ಬಿಚ್ಚಿ ತೋರಿಸಿದರೆ ಬೆಳಗ್ಗೆ ಬೇಡ ಎಂದದ್ದು ಅವಳಲ್ಲ, ಈ ಕುರ್ಚಿಯ ಹೆದರಿಕೆ ಎಂದಾಗುತ್ತದೆ.

“ತೆಗೆಯಲ್ಲ.”

“ಅಂದ್ರೆ ಏನೋ ತಂದಿದ್ದೀಯ.”

“ತಂದಿದ್ದೀನೋ ಇಲ್ವೋ ನನಗೆ ಗೊತ್ತು.”

“ಆಗಲಿ ಅಂತ ನೀನೇ ಒಪ್ಪಿದ್ದೆ.”

“ಒಪ್ಪಿದ್ದು ತಪ್ಪು. ಅವತ್ತು ಅನ್ನಬೇಕಾಗಿದ್ದನ್ನ ಇವತ್ತು ಅಂತಿದ್ದೀನಿ. ಹಿತ್ತಲಲ್ಲಿ ನಿಮ್ಮ ಏಳು ಸತ್ತ ಪಂಪುಗಳಿವೆಯಲ್ರೀ, ಮುಂದೆ ಯಾವಾಗಾದ್ರೂ ಬೇಕಾಗುತ್ತೆ ಅಂತ ಇಟ್ಟಿರೋದು. ನಾನು ಯಾವತ್ತಾದ್ರೂ ಬಾಗಿಲಲ್ಲಿ ನಿಲ್ಲಿಸಿ ನಿಮ್ಮ ಜೇಬು ತಡಕಿದೀನಾ? ಈ ಗೋಡೆಗೆ ನನ್ನ ಸಂಬಳಾನೂ ಸೇರಿದೆ. ಕೋಣೆ ಖಾಲಿ ಮಾಡಿದೋಳು ನಾನು. ಅದು ನನ್ನದು.”

“ಹಾಗಾದ್ರೆ ಗೆಳೆಯನಿಗೆ ಈಗಲೇ ಫೋನ್ ಮಾಡ್ತೀನಿ.”

“ಮಾಡಿ. ಬಂದು ಎಲ್ಲಿ ಮಲಗ್ತಾನೋ ನೋಡೋಣ.”

ಒಳಗಿನಿಂದ ಅತ್ತೆಯ ದನಿ ಬಂತು. “ಕುರ್ಚಿ ಎತ್ತೋ. ಯಾರೋ ಗೇಟು ತೆಗೀತಿದ್ದಾರೆ.”

ನಿರ್ದೇಶಕಿ ಹೇಳಿದ್ದಕ್ಕಿಂತ ಮೊದಲೇ ಬಂದಿದ್ದರು. ಗಂಡ ಕುರ್ಚಿ ಎತ್ತಿದ. ನಿರ್ದೇಶಕಿ ಕೋಣೆಯ ನಡುವೆ ನಿಂತು ಬೆಳಕು ನೋಡಿದರು, ಮೇಜಿನ ಮೇಲಿದ್ದ ಮೇಲಂಗಿಯನ್ನು ಮಗುಚಿ ಹೊಲಿಗೆಯನ್ನು ಎರಡೂ ಕೈಯಲ್ಲಿ ಜಗ್ಗಿದರು. ಅದು ಜಪ್ಪಯ್ಯ ಎನ್ನಲಿಲ್ಲ. ಒಂದು ಉಡುಪಿಗೆ ಎಷ್ಟು ಎಂದು ಕೇಳಿದರು. ಅವಳು ಹೇಳಿದಳು.

“ಮೂವತ್ತೂ ಒಟ್ಟಿಗೇ ಕೊಡ್ತೀವಲ್ಲ, ಸ್ವಲ್ಪ ಡಿಸ್ಕೌಂಟ್ ಮಾಡ್ಕೊಳ್ಳಿ.”

ಬಾಗಿಲಲ್ಲಿ ನಿಂತ ಗಂಡ ಕೆಮ್ಮಿದ, ಕೊಡು ಕೊಡು ಎಂದು ಗೋಣು ಹಾಕಿದ. ಈ ಕೆಲಸ ಹೋದರೆ ಸೋಮವಾರ ಮತ್ತೆ ಅದೇ ಮಹಡಿ, ಅದೇ ಗೋಡೆ.

“ಆಗಲ್ಲ. ಕಡಿಮೆ ಮಾಡೋಣ ಅಂತ ಮೊದಲೇ ಜಾಸ್ತಿ ಹೇಳಿಲ್ಲ ನಾನು. ಇರೋದು ಒಂದೇ ಬೆಲೆ.”

ನಿರ್ದೇಶಕಿ ಮೇಲಂಗಿಯನ್ನು ಇನ್ನೊಮ್ಮೆ ಮಗುಚಿದರು, ಮೊದಲಿಗಿಂತ ಜೋರಾಗಿ ಜಗ್ಗಿದರು, ಆಮೇಲೆ ಮಡಿಸಿಟ್ಟರು.

“ಮಂಗಳವಾರ ಬಟ್ಟೆ ಕಳಿಸ್ತೀನಿ. ರಾಜನ ಪಾತ್ರದವರನ್ನೂ ಕಳಿಸ್ತೀನಿ, ಅವರಿಗೆ ಹೊಟ್ಟೆ ಜಾಸ್ತಿ. ಮೊದಲು ಅವರ ಅಳತೆ ತಗೊಳ್ಳಿ.”

ಅವರನ್ನು ಗೇಟಿನವರೆಗೆ ಬಿಟ್ಟು ಅವಳು ಒಳಗೆ ಬಂದಾಗ ಗಂಡ ಇನ್ನೂ ಕೋಣೆಯ ಬಾಗಿಲಲ್ಲೇ ಇದ್ದ. ಕಣ್ಣು ಅವಳ ಹೆಗಲ ಮೇಲೆ. ಅವಳು ಚೀಲ ತೆಗೆದು ಅವನ ಕೈಗೆ ಎಟಕುವಷ್ಟು ಹತ್ತಿರ ಬಾಗಿಲ ಮೊಳೆಗೆ ನೇತುಹಾಕಿ, ಅವನಿಗೆ ಬೆನ್ನು ಮಾಡಿ ಯಂತ್ರದ ಮುಂದೆ ಕೂತಳು. ಅವನು ಕೈ ಚಾಚಲಿಲ್ಲ. ಹೊಸ್ತಿಲಾಚೆಯೇ ನಿಂತು, ಒಳಗೆ ಬರಬಹುದಾ ಎಂದು ಕೇಳಿದ.