ಎಲೆಯಿಲ್ಲದ ದಿನ

ಕ್ಲಾಯ್ ಆಸ್ಪತ್ರೆಗೆ ಹೊರಟಾಗ ಚಹಾದಂಗಡಿಯಲ್ಲಿದ್ದವರೆಲ್ಲ ಮದುವೆ ಗಂಡನ್ನು ಕಳಿಸುವ ಹಾಗೆ ಕಳಿಸಿಕೊಟ್ಟಿದ್ದರು. ದಣಿವು ಮರೆಯಲು ಆ ಕಡೆಯ ಕೂಲಿಗಳು ಜಗಿಯುವ ಕ್ರಾಟೋಮ್ ಎಲೆ ಅಫೀಮಿನಂತೆ ಚಟವಾಗುತ್ತದೆಯೇ ಎಂದು ಅಲ್ಲಿ ವೈದ್ಯರು ಜಗಿಯುವವರ ಮೇಲೆಯೇ ಪರೀಕ್ಷೆ ನಡೆಸುತ್ತಿದ್ದರು. ಹಿತ್ತಲಲ್ಲಿ ಆ ಮರವಿದ್ದರೆ ಪೊಲೀಸರು ಹಿಡಿಯುತ್ತಿದ್ದ ಕಾಲವನ್ನು ಊರು ಇನ್ನೂ ಮರೆತಿರಲಿಲ್ಲ.

"ಎಲೆ ಬಿಟ್ರೆ ಏನೂ ಆಗಲ್ಲ ಅಂತ ಹೇಳ್ಬಿಟ್ಟು ಬಾ. ನೀನೇನಾದ್ರೂ ಎಡವಟ್ಟು ಮಾಡಿದ್ರೆ ಮತ್ತೆ ಮರ ಕಡಿಸ್ತಾರೆ," ಎಂದಿದ್ದ ಊರಿನ ಮುಖ್ಯಸ್ಥ.

ಕ್ಲಾಯ್‌ಗೆ ಅದನ್ನು ಹೇಳಿಕೊಡಬೇಕಾಗಿರಲಿಲ್ಲ. ಮೀಸೆ ಮೂಡಿದಾಗಿನಿಂದ ಎಲೆ ಜಗಿಯುತ್ತ ರಬ್ಬರ್ ಮರದ ಹಾಲು ಇಳಿಸಿದವನು ಅವನು. ಅಳಿಯ ನಿಕೋಮ್ ಎಲೆ ಬಿಡಲು ಹೋಗಿ, ಕಾಲು ಸೆಳೆತವೆಂದು ಹಾಸಿಗೆ ಹಿಡಿದಾಗ, "ಕಾಲಿಗೆ ಏನೂ ಆಗಿಲ್ಲ, ಮೈಗಳ್ಳತನ ಅಷ್ಟೆ" ಎಂದು ನಾಲ್ಕು ಜನರೆದುರು ಹಂಗಿಸಿದ್ದ. ಅಳಿಯ ಹೆಂಡತಿಯನ್ನು ಕರೆದುಕೊಂಡು ತ್ರಾಂಗ್‌ನ ಪೇಟೆಯಲ್ಲಿದ್ದ ತನ್ನ ಅಣ್ಣನ ಮನೆ ಸೇರಿದ. ಮಗಳು ಸುಪಾ ಅಂದಿನಿಂದ ಫೋನ್ ಎತ್ತಿಲ್ಲ, ಹತ್ತನೇ ತಿಂಗಳ ಹಿರಿಯರ ಹಬ್ಬಕ್ಕೂ ಬರಲಿಲ್ಲ. ಕ್ಲಾಯ್ ಊಟಕ್ಕೆ ಕೂತಾಗಲೆಲ್ಲ ಅವಳ ನೆನಪಾಗಿ ಅರ್ಧಕ್ಕೇ ಎದ್ದುಬಿಡುತ್ತಿದ್ದ. ತಪ್ಪು ಅಳಿಯನದೇ ಎಂದು ಅವನ ಹಟ.

ವಾರ್ಡಿನಲ್ಲಿ ನರ್ಸ್ ವಾರುಣಿ ಕ್ರಮ ತಿಳಿಸಿದಳು. ಒಂದು ದಿನ ಎಲೆ ಮುಟ್ಟುವಂತಿಲ್ಲ. ಆಮೇಲೆ ಒಂದು ಗುಳಿಗೆ. ಅದರಲ್ಲಿ ಎಲೆಯ ಸತ್ವವಿದೆಯೋ ಬರೀ ಹಿಟ್ಟಿದೆಯೋ ಅವಳಿಗೂ ಗೊತ್ತಿಲ್ಲ. ನುಂಗಿದ ಮೇಲೆ ಎಷ್ಟು ಹಿತವಾಯಿತು, ಇನ್ನೂ ಬೇಕೆನಿಸಿತೇ ಎಂದು ಹೇಳಬೇಕು. ಅಲ್ಲಿಯವರೆಗೆ ಸೊನ್ನೆಯಿಂದ ಹತ್ತರವರೆಗಿನ ಗೆರೆಯ ಮೇಲೆ ತಮ್ಮ ಸಂಕಟ ಗುರುತಿಸಬೇಕು.

ಮರುದಿನ ಬೆಳಿಗ್ಗೆ ಕ್ಲಾಯ್‌ಗೆ ಆಕಳಿಕೆ ನಿಲ್ಲಲಿಲ್ಲ. ಮೂಗು, ಕಣ್ಣು ಎರಡೂ ಸುರಿಯುತ್ತಿದ್ದವು.

"ಹೇಗಿದೆ ದೊಡ್ಡಪ್ಪ?" ಎಂದು ವಾರುಣಿ ಕೇಳಿದಳು.

"ನಿಮ್ಮ ಏಸಿ ಜಾಸ್ತಿ ಆಯ್ತು ಕಣಮ್ಮ." ಗೆರೆಯ ಮೇಲೆ ಸೊನ್ನೆಗೇ ಗುರುತು ಹಾಕಿದ.

ವಾರುಣಿ ಏಸಿ ಆರಿಸಿ, ಕಂಬಳಿ ಹೊದಿಸಿ ಹೋದಳು. ಆಮೇಲೆ ಕಾಲು ಸೆಳೆತ ಶುರುವಾಯಿತು. ಚಾಚಿದರೂ ಆಗದು, ಮಡಚಿದರೂ ಆಗದು. ಪಕ್ಕದ ಮಂಚದಲ್ಲಿ, ಪರೀಕ್ಷೆಗೆಂದೇ ಬಂದಿದ್ದ ಅದೇ ಊರಿನ ಯೋಮ್ ಕೂಡ ಹೊರಳಾಡುತ್ತಿದ್ದ. ಕೊನೆಗೆ ಅವನು ಪಂಚೆಯ ಮಡಿಕೆಯಿಂದ ನರ ಬಿಡಿಸಿದ ಒಂದು ಎಲೆ ತೆಗೆದು, ಅರ್ಧ ಹರಿದು ಚಾಚಿದ.

"ತಗೋ ಅಣ್ಣ. ನಿನ್ನೆದುರು ಒಬ್ಬನೇ ಜಗಿಯೋಕೆ ನಾನೇನು ನಾಯಿನಾ?"

ಅವರ ಊರಲ್ಲಿ, ಯಾರಾದರೂ ಕೊಟ್ಟ ಎಲೆಯನ್ನು ಬೇಡವೆಂದರೆ ಅವಮಾನ ಮಾಡಿದಂತೆ. ಕ್ಲಾಯ್ ಬಾಯಲ್ಲಿ ನೀರೂರಿತು. ತೆಗೆದುಕೊಳ್ಳಲು ಹೋದವನಿಗೆ ತನ್ನ ಕೈಗಳು ಎಲ್ಲಿವೆ ಎಂಬುದು ಕಂಡಿತು. ಅವು ಮಂಡಿಯ ಹಿಂದೆ ಮಾಂಸವನ್ನು ಹಿಂಡುತ್ತಿದ್ದವು. ನಿಕೋಮ್ ಕೂಡ ಹಾಸಿಗೆಯಲ್ಲಿ ಹೀಗೇ ಹಿಂಡಿಕೊಳ್ಳುತ್ತಿದ್ದ, ಇದೇ ಜಾಗವನ್ನು. ಅದನ್ನು ನೋಡುತ್ತಲೇ ಕ್ಲಾಯ್ ನಕ್ಕಿದ್ದ. ಈಗ ನಾಚಿಕೆಯಿಂದ ಅವನ ಮುಖ ಸುಟ್ಟಂತಾಯಿತು.

"ಬೇಡ ಕಣೋ."

"ಬೇಡ್ವಾ? ನಾನು ಕೊಟ್ರೂನಾ?" ಯೋಮ್ ಮುಖ ತಿರುಗಿಸಿಕೊಂಡ.

ಕ್ಲಾಯ್ ವಾರುಣಿಯನ್ನು ಕೂಗಿ ಕರೆದು, ಹಾಳೆಯನ್ನು ಮತ್ತೆ ಕೇಳಿದ. ಈ ಸಲ ಗುರುತು ಒಂಬತ್ತರ ಮೇಲೆ ಬಿತ್ತು.

"ಊರಿಗೆ ಏನಂತ ಹೇಳ್ತೀಯ?" ಯೋಮ್ ಎದ್ದು ಕೂತ. "ಮರ ಕಡಿದ್ರೆ ನಿನ್ನ ಮನೆ ಮುಂದೇನೇ ತಂದು ಹಾಕ್ತೀನಿ, ನೋಡ್ತಿರು!"

"ಹಾಕು. ಕಾಲು ನೋಯ್ತಿದೆ, ನೋಯ್ತಿದೆ ಅಂದೆ. ಅಷ್ಟೇ ತಾನೆ ನಾನು ಹೇಳಿದ್ದು."

ಗುಳಿಗೆ ಬರುವುದಕ್ಕೆ ಇನ್ನೂ ಹೊತ್ತಿತ್ತು. ಕ್ಲಾಯ್ ಫೋನ್ ತೆಗೆದು ಮಗಳ ಬದಲು ಅಳಿಯನಿಗೆ ಕರೆ ಮಾಡಿದ.

"ಮಾವ? ಏನಾಯ್ತು?" ನಿಕೋಮ್ ಗಾಬರಿಯಾಗಿದ್ದ.

"ಏನಿಲ್ಲ. ಆವಾಗ ನಿನಗೆ ನೋಯ್ತಿದ್ದಿದ್ದು ಮಂಡಿ ಹಿಂದೇನಾ?"

"ಹೂಂ. ಒಳಗಡೆ ಯಾರೋ ಬಟ್ಟೆ ಹಿಂಡಿದ ಹಾಗೆ."

"ಹೌದಪ್ಪ, ನಿನ್ನೆಯಿಂದ ಎಲೆ ಮುಟ್ಟಿಲ್ಲ, ನಂಗೂ ಹಾಗೇ ಇದೆ. ಎಷ್ಟು ದಿನ ಇರುತ್ತೋ ಇದು?"

"ಬಿಸಿನೀರಲ್ಲಿ ಕಾಲಿಟ್ಕೊಳ್ಳಿ ಮಾವ, ಸ್ವಲ್ಪ ತಡೆಯುತ್ತೆ," ಎಂದ ನಿಕೋಮ್. ಆಮೇಲೆ ಫೋನನ್ನು ಬಾಯಿಂದ ದೂರ ಹಿಡಿದು ಕೂಗಿದ್ದು ಕೇಳಿಸಿತು. "ಸುಪಾ, ಬಾ ಇಲ್ಲಿ. ನಿಮ್ಮಪ್ಪ."