ಹನ್ನೊಂದು ಸೆಕೆಂಡಿನ ಮನುಷ್ಯ

ಬಾಗಿಲು ಬಡಿದರು. ಮೂರು ಸಲ, ನಿಲ್ಲಿಸಿ, ಮತ್ತೆ ಎರಡು ಸಲ — ಮುಷ್ಟಿಯಲ್ಲ, ಬೆರಳಿನ ಗೆಣ್ಣು, ಪೊಲೀಸರದ್ದು ಹೀಗಿರುವುದಿಲ್ಲ, ಚಾನೆಲ್ಲಿನವರಾದರೆ ಬಡಿಯುವ ಮುಂಚೆಯೇ ಕಿಟಕಿಯ ಮೇಲೆ ಕ್ಯಾಮೆರಾದ ಬೆಳಕು ಬೀಳುತ್ತದೆ, ಬೆಳಕಿಲ್ಲ, ಹಾಗಾದರೆ ಯಾರು, ಏಳಬಾರದು, ಕುರ್ಚಿ ಕಿರುಗುಟ್ಟಬಾರದು, ಗಂಟೆ ಒಂಬತ್ತೂವರೆ, ಅರವತ್ತೆರಡರ ಮನುಷ್ಯ ಮಲಗಿರಬಹುದಲ್ಲ, ಮಲಗುವುದೇನೂ ಅಪರಾಧವಲ್ಲ. ಟಿವಿಯ ಧ್ವನಿಯನ್ನು ಪೂರ್ತಿ ತಗ್ಗಿಸಿದ್ದೇನೆ, ಬೆಳಕನ್ನು ತಗ್ಗಿಸಲು ಗುಂಡಿಯಿಲ್ಲ, ಪರದೆಯ ನೀಲಿ ಗೋಡೆಯ ಮೇಲೆ ಮಿಡುಕುತ್ತಿದೆ, ಹೊರಗೆ ನಿಂತವರಿಗೆ ಗೊತ್ತಾಗಿಯೇ ಇರುತ್ತದೆ, ಒಳಗೊಬ್ಬ ಕತ್ತಲಲ್ಲಿ ಕುಳಿತು ತನ್ನನ್ನೇ ತಾನು ನೋಡಿಕೊಳ್ಳುತ್ತಿದ್ದಾನೆಂದು — ಇಗೋ, ಮತ್ತೆ ಬಂತು, ಬಿಳಿ ಜುಬ್ಬಾ, ಎತ್ತಿದ ಬಲಗೈ, ಕತ್ತಿನ ಮೇಲೆ ಮುಖವಿರಬೇಕಾದ ಜಾಗದಲ್ಲಿ ಸಣ್ಣ ಸಣ್ಣ ಚೌಕಗಳಾಗಿ ಕಲಸಿಹೋದ ಒಂದು ಉಂಡೆ, ಕೆಳಗೆ ಹಳದಿ ಅಕ್ಷರ, ಯಾರೀ ನಿಗೂಢ ಭಾಷಣಕಾರ, ನಾಳೆ ರಾತ್ರಿ ಒಂಬತ್ತಕ್ಕೆ ಹೆಸರು ಬಯಲು. ಹನ್ನೊಂದು ಸೆಕೆಂಡು. ಎಣಿಸಿದ್ದೇನೆ. ಧ್ವನಿಯಿಲ್ಲದಿದ್ದರೂ ತುಟಿಯಿಲ್ಲದ ಆ ಉಂಡೆ ಏನು ಹೇಳುತ್ತಿದೆಯೆಂದು ಗೊತ್ತು — ನಮ್ಮ ಮತ ಒಂದೂ ಚೆದುರಬಾರದು, ಎಲ್ಲವೂ ಒಂದೇ ಕಡೆ ಬೀಳಬೇಕು, ನಮ್ಮ ಬಲವೇನೆಂದು ಈ ಸಲ ತೋರಿಸಬೇಕು — ಅಲ್ಲಿಗೆ ಕತ್ತರಿ, ಮತ್ತೆ ಮೊದಲಿನಿಂದ, ಎತ್ತಿದ ಕೈ, ಉಂಡೆ, ಸುತ್ತಲೂ ನಾಲ್ಕು ಚೌಕಗಳಲ್ಲಿ ನಾಲ್ಕು ಜನ ಬಾಯಿ ತೆರೆದು ಮುಚ್ಚುತ್ತಿದ್ದಾರೆ, ಅವರಲ್ಲಿ ಒಬ್ಬರೂ ಕಾಡುಗೋಡಿಗೆ ಬಂದವರಿರಲಾರರು. ನಿಗೂಢವಂತೆ. ಇಪ್ಪತ್ತೇಳು ವರ್ಷ ಈ ಓಣಿಯ ಬಾಡಿಗೆದಾರ, ಸ್ವಿಚ್‌ಗೇರ್ ಕಾರ್ಖಾನೆಯ ಕನ್ನಡ ಸಂಘದ ಕಾರ್ಯದರ್ಶಿ, ಪ್ರತಿ ನವೆಂಬರ್‌ನಲ್ಲಿ ರಾಜ್ಯೋತ್ಸವದ ನಿರೂಪಣೆ ಇನಾಯತ್ತುಲ್ಲಾ ಅವರಿಂದ ಎಂದು ಕರಪತ್ರದಲ್ಲಿ ಅಚ್ಚಾಗುತ್ತಿದ್ದವನು ನಾನು, ಮುಖ ಮುಚ್ಚಿದರೇನು, ಈ ಧ್ವನಿಯನ್ನು ಓಣಿಯ ನಾಯಿಯೂ ಗುರುತಿಸುತ್ತದೆ.

ಬಡಿತ ನಿಂತಿದೆ. ಹೋದರೆ ಹೋಗಲಿ. ಹೋಗದೆ ಅಲ್ಲೇ ನಿಂತಿದ್ದರೆ — ಸಂಜೆ ಆರಕ್ಕೆ ವೆಂಕಟೇಶಪ್ಪನೂ ಹೀಗೆಯೇ ನಿಂತಿದ್ದ, ಚಪ್ಪಲಿ ಬಿಡದೆ, ಇದು ಅವನದೇ ಮನೆ, ಆದರೂ ಈ ಇಪ್ಪತ್ತೇಳು ವರ್ಷದಲ್ಲಿ ಚಪ್ಪಲಿ ಬಿಡದೆ ಹೊಸಿಲಲ್ಲೇ ನಿಂತು ಮಾತಾಡಿದ್ದು ಇದೇ ಮೊದಲು, ನೋಡಿ ಸಾಬ್ರೇ, ನೀವ್ ಯಾರಿಗೋಸ್ಕರ ಆ ಮಾತ್ ಹೇಳಿದ್ರಿ ಅಂತ ನಂಗೊತ್ತಿಲ್ವಾ, ಆದ್ರೆ ಆ ಭಾಷಣದಲ್ಲಿ ಮಿಕ್ಕಿದ್ದು ಹೊರಗ್ ಬಂದ್ರೆ ಎಲೆಕ್ಷನ್‌ಗೆ ನಿಂತಿರೋ ನಮ್ ಮಂಜುಶ್ರೀ ಕತೆ ಮುಗೀತು, ನಮ್ಮೋರು ಒಬ್ರೂ ಅವಳಿಗ್ ಒತ್ತಲ್ಲ, ಒಂದ್ ನಾಕ್ ದಿನ ಸಿಂಗಸಂದ್ರದಲ್ಲಿ ನಿಮ್ ಬಾಮೈದನ ಮನೇಲ್ ಇದ್ದು ಬನ್ನಿ, ನಾಳೆ ಆ ಒಂಬತ್ತು ಗಂಟೆ ಒಳಗೆ. ನಾಲ್ಕು ದಿನ. ಒಮ್ಮೆ ಸಾಮಾನು ಎತ್ತಿದ ಬಾಡಿಗೆದಾರ ಈ ಕಾಡುಗೋಡಿಯಲ್ಲಿ ನಾಲ್ಕು ದಿನಕ್ಕೆ ಹಿಂದಿರುಗಿದ್ದನ್ನು ಯಾರಾದರೂ ಕಂಡಿದ್ದಾರೆಯೆ, ಮೆಟ್ರೋ ಬಂದ ಮೇಲೆ ಖಾಲಿ ಮನೆಯೊಂದು ಎರಡು ದಿನ ಖಾಲಿ ಉಳಿಯುವುದಿಲ್ಲ, ಅದೂ ನನ್ನಂಥ ಹೆಸರಿನವನಿಗೆ ಮತ್ತೊಂದು ಮನೆ — ಬೇಡ, ಆ ಲೆಕ್ಕ ಈಗ ಬೇಡ. ಕತ್ತರಿಯ ಆಚೆಗೆ ಏನಿತ್ತೆಂದು ಅವನಿಗೂ ಗೊತ್ತು, ನನಗೂ ಗೊತ್ತು, ಆ ಶುಕ್ರವಾರ ಮಸೀದಿಯಲ್ಲಿ ನನ್ನ ಮಾತು ಕೇಳಿದ ನೂರೈವತ್ತು ಜನಕ್ಕೂ ಗೊತ್ತು — ನಮ್ಮ ಬಲವೇನೆಂದು ತೋರಿಸಬೇಕು, ಖಬರಸ್ತಾನಕ್ಕೊಂದು ಗೋಡೆ ಕಟ್ಟಿಸಿ ಎಂದು ಎಂಟು ವರ್ಷ ಅರ್ಜಿ ಕೊಟ್ಟೆವು, ನಮ್ಮ ಮತ ನಾಲ್ಕು ಕಡೆ ಹರಿದುಹೋಗುವುದರಿಂದ ನಮ್ಮನ್ನು ಯಾರೂ ಲೆಕ್ಕಕ್ಕಿಟ್ಟಿಲ್ಲ, ಮನೆಗೆ ಬಂದು, ನೆಲದ ಮೇಲೆ ಕುಳಿತು, ಗೋಡೆ ಕಟ್ಟಿಸುತ್ತೇನೆಂದು ಬರೆದುಕೊಟ್ಟವಳು ಒಬ್ಬಳೇ, ನಮ್ಮ ವೆಂಕಟೇಶಪ್ಪನವರ ಸೊಸೆ ಮಂಜುಶ್ರೀ, ಮತ ಅವಳಿಗೆ. ಅಷ್ಟೇ. ಅಪಾರ್ಟ್‌ಮೆಂಟುಗಳಿಗೆ ನೀರು ಹೊರುವ ಟ್ಯಾಂಕರುಗಳು ಅಡ್ಡದಾರಿಯೆಂದು ಖಬರಸ್ತಾನದೊಳಗೆ ನುಗ್ಗುತ್ತವೆ, ಹಿಂದಕ್ಕೆ ತಿರುಗಿಸುತ್ತವೆ, ನನ್ನ ಹೆಂಡತಿ ಖೈರುನ್ನಿಸಾಳ ಗೋರಿಯ ಕಾಲದೆಸೆಯಲ್ಲಿ ಟೈರಿನ ಅಚ್ಚು, ನಾನು ಕೈಯಿಂದ ಮಣ್ಣು ಸಮ ಮಾಡುತ್ತೇನೆ, ಮುಂದಿನ ಶುಕ್ರವಾರ ಮತ್ತೆ ಅಚ್ಚು, ಬದುಕಿದ್ದಾಗ ಹಾದಿಯಲ್ಲಿ ಲಾರಿ ಕಂಡರೆ ನನ್ನ ತೋಳು ಹಿಡಿಯುತ್ತಿದ್ದ ಹೆಂಗಸು.

ಪೂರ್ತಿ ವಿಡಿಯೊ ಹೊರಗೆ ಹಾಕಿದರೆ ನಾನು ಬದುಕುತ್ತೇನೆ, ಮಂಜುಶ್ರೀ ಸೋಲುತ್ತಾಳೆ, ಗೋಡೆ ಹೋಗುತ್ತದೆ. ಹಾಕದಿದ್ದರೆ ನಾಳೆ ಒಂಬತ್ತಕ್ಕೆ ಆ ಉಂಡೆಯ ಕೆಳಗೆ ನನ್ನ ಹೆಸರು. ಹೋದ ತಿಂಗಳು ವೆಂಕಟೇಶಪ್ಪನೂ ಕುಲದವರನ್ನೆಲ್ಲ ಕರೆಸಿ ಹೇಳಿದ, ಈ ಸತಿ ನಮ್ಮೋರ್ದು ಒಂದೂ ಆ ಕಡೆ ಈ ಕಡೆ ಆಗ್ಬಾರ್ದು ಕಣ್ರಪ್ಪೋ, ಅಷ್ಟೂ ಕುರ್ಚಿಗಳನ್ನು ಶಾಮಿಯಾನದಡಿ ಸಾಲಾಗಿ ಇಟ್ಟವನು ನಾನೇ, ಎಲ್ಲರಿಗೂ ಬಾದಾಮಿ ಹಾಲು ಹಂಚಿದವನೂ ನಾನೇ, ಅದನ್ನು ಯಾವ ಚಾನೆಲ್ಲೂ ಹನ್ನೊಂದು ಸೆಕೆಂಡಿಗೆ ಕತ್ತರಿಸಲಿಲ್ಲ, ಇದನ್ನು ನಾನು ಹೊಸಿಲಲ್ಲಿ ನಿಂತವನಿಗೆ ಹೇಳಬೇಕಿತ್ತು, ಹೇಳಲಿಲ್ಲ, ಆಗಲಿ ನೋಡೋಣ ಎಂದೆ. ನಮ್ಮವರಾದರೂ — ಮಸೀದಿಯ ಆಡಳಿತ ನೋಡುವ ಮುತವಲ್ಲಿ ನಿನ್ನೆ ಫೋನಿನಲ್ಲಿ, ಥೋಡೆ ದಿನ್ ನಕ್ಕೊ ಆವೊ ಇನಾಯತ್ ಭಾಯ್, ಸ್ವಲ್ಪ ದಿನ ಬರಬೇಡಿ, ಗೇಟಿನಲ್ಲಿ ಕ್ಯಾಮೆರಾ ಇದೆ, ಹುಡುಗರ ನೌಕರಿಯ ಪ್ರಶ್ನೆ, ನೀವು ಮನೆಯಲ್ಲೇ ನಮಾಜು ಮಾಡಿಬಿಡಿ. ಒಗ್ಗಟ್ಟಿನ ಬಗ್ಗೆ ಇಪ್ಪತ್ತೆರಡು ನಿಮಿಷ ಮಾತಾಡಿದವನು ಮೂರು ದಿನದಿಂದ ಒಬ್ಬನೇ ಮಂಡಿಯೂರುತ್ತಿದ್ದಾನೆ, ಸಾಲಿಲ್ಲ, ಭುಜಕ್ಕೆ ತಾಗುವ ಭುಜವಿಲ್ಲ, ಸಲಾಂ ಹೇಳಲು ಬಲಕ್ಕೆ ತಿರುಗಿದರೆ ಗೋಡ್ರೆಜ್ ಬೀರು, ಎಡಕ್ಕೆ ತಿರುಗಿದರೆ ಫ್ರಿಜ್ಜು. ಕಾರ್ಖಾನೆಯ ನಿವೃತ್ತರ ಗುಂಪಿನಲ್ಲಿ ಯಾರೋ ಆ ಕ್ಲಿಪ್ ಹಾಕಿದರು, ಇಪ್ಪತ್ತೆಂಟು ವರ್ಷ ನನ್ನೆದುರು ಡಬ್ಬಿ ಬಿಚ್ಚಿ ಉಂಡ ರೇವಣಸಿದ್ದ ತಕ್ಷಣ ಬರೆದ, ನಮ್ಮ ಇನಾಯತ್ ಅಂಥವನಲ್ಲ ಕಣ್ರಯ್ಯ, ಓದಿ ಕಣ್ಣು ಮಂಜಾಯಿತು, ಕನ್ನಡಕ ಒರೆಸಿಕೊಂಡು ಮತ್ತೆ ನೋಡುವಷ್ಟರಲ್ಲಿ ಆ ಜಾಗದಲ್ಲಿ ಈ ಸಂದೇಶವನ್ನು ಅಳಿಸಲಾಗಿದೆ ಎಂಬ ಸಾಲು. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಚಾನೆಲ್ಲಿಗೆ ಆ ವಿಡಿಯೊ ಯಾರು ಕೊಟ್ಟರು? ಅದೊಂದು ಗೊತ್ತಾದರೆ ಸಾಕು, ಮನೆ ಬಿಟ್ಟರೂ ನೆಮ್ಮದಿಯಿಂದ ಬಿಡುತ್ತೇನೆ. ನಾಲ್ಕೈದು ಹುಡುಗರು ಫೋನು ಎತ್ತಿ ಹಿಡಿದಿದ್ದರು, ಕಂಬದ ಬಳಿ ಟೈಲ್ಸ್ ಕೆಲಸದವನು, ಬಾಗಿಲ ಹತ್ತಿರ ಬಿರಿಯಾನಿ ಅಂಗಡಿಯವನ ಅಳಿಯ, ಅವನ ಕಣ್ಣು ಎದುರು ಪಕ್ಷದ ಟಿಕೆಟ್ಟಿನ ಮೇಲಿದೆ, ಅವನೇ ಇರಬೇಕು, ಮೂರು ರಾತ್ರಿಯಿಂದ ಅವನನ್ನು ಮನಸ್ಸಿನಲ್ಲೇ ಕಟಕಟೆಗೆ ಹತ್ತಿಸಿ ಇಳಿಸುತ್ತಿದ್ದೇನೆ. ಸಬೀಹಾ ಫೋನು ಎತ್ತಿದ್ದರೆ ಒಂದು ನಿಮಿಷದಲ್ಲಿ ತಿಳಿಯುತ್ತಿತ್ತು, ನನ್ನ ಮಗಳು ಅದೇ ಚಾನೆಲ್ಲಿನ ಎಡಿಟಿಂಗ್ ವಿಭಾಗದಲ್ಲಿದ್ದಾಳೆ, ಕೆಲಸ ಸಿಕ್ಕಿದ ದಿನ ಮಸೀದಿಯಲ್ಲಿ ಖರ್ಜೂರ ಹಂಚಿದ್ದೆ, ನಮ್ಮವಳೊಬ್ಬಳು ಅಲ್ಲಿರಲಿ ಎಂದು ಮುತವಲ್ಲಿಯೇ ಅಂದಿದ್ದರು, ಈಗ ಅವರೇ ಕೇಳುತ್ತಾರೆ, ಬೇಟಿಗೆ ಹೇಳಿ ನಿಲ್ಲಿಸಿ ಎಂದು, ಕೂಲಿಯಂತೆ ಪಾಳಿ ಮಾಡುವ ಹುಡುಗಿ ಏನು ನಿಲ್ಲಿಸಿಯಾಳು. ಮೂರು ದಿನದಿಂದ ಎತ್ತುತ್ತಿಲ್ಲ, ಹೆದರಿದ್ದಾಳೆ, ಅಪ್ಪನೊಡನೆ ಮಾತಾಡಿದ್ದು ತಿಳಿದರೆ ಕೆಲಸ ಹೋದೀತೆಂದು, ಎತ್ತದಿರುವುದೇ ಒಳ್ಳೆಯದು, ಪಿ.ಜಿ.ಯ ಬಾಡಿಗೆ, ಇನ್ನೂ ಕಾಯಂ ಆಗದ ನೌಕರಿ, ಹೋದ ಸಲ ಬಂದಾಗ ಸಾರಿನಲ್ಲಿ ಕೈ ಅದ್ದಿಕೊಂಡೇ ಅಂದಿದ್ದಳು, ಅಬ್ಬಾ, ಅಲ್ಲಿ ನನ್ನ ಯಾಕ್ ಇಟ್ಕೊಂಡಿದಾರೆ ಗೊತ್ತಾ, ನಿಮ್ಮೋರ ಗ್ರೂಪಲ್ಲಿ ಇವತ್ತೇನ್ ಬಂತು ಅಂತ ದಿನಾ ಕೇಳ್ತಾರೆ, ಬೇರೆಯವ್ರೆಲ್ಲ ಸ್ಟೋರಿ ತರ್ತಾರೆ ನೀನೇನ್ ತಂದೆ ಅಂತಾರೆ. ನಾನು ನಕ್ಕು, ಅವರಿಗೆ ನಿನ್ನ ಅಪ್ಪನ ರಾಜ್ಯೋತ್ಸವ ಭಾಷಣ ತೋರಿಸು ಎಂದಿದ್ದೆ. ಅವಳು ನಗಲಿಲ್ಲ.

ಮತ್ತೆ ಬಡಿತ. ಇನಾಯ್ತು, ತೆಗ್ಯಪ್ಪೋ, ನಾನ್ ಕಣಪ್ಪ, ನಿಂತು ನಿಂತು ಕಾಲ್ ಸೇದ್ತಾ ಅದೆ — ಚಿಕ್ಕಮುನಿಯಮ್ಮ, ವೆಂಕಟೇಶಪ್ಪನ ತಾಯಿ, ಎಂಬತ್ತು ದಾಟಿದ ಜೀವ, ನಾನು ಯಾರ್ಯಾರನ್ನೋ ಕಲ್ಪಿಸಿಕೊಂಡು ಆ ಮುದುಕಿಯನ್ನು ಕತ್ತಲಲ್ಲಿ ನಿಲ್ಲಿಸಿಬಿಟ್ಟೆ, ಚಿಲಕ ತೆಗೆದರೆ ಸೆರಗಿನಡಿ ಒಂದು ಪಾತ್ರೆ, ಒಳಗೆ ಬಂದು ಗೋಡೆ ಹಿಡಿದು ನೆಲದ ಮೇಲೇ ಕುಳಿತಳು, ಉಂಡ್ಯೋ ಇಲ್ವೋ, ಮುದ್ದೆ ಅವ್ರೆಕಾಳ್ ಸಾರು, ವೆಂಕ್ಟೇಸ ಮನಗವ್ನೆ, ಅವ್ನಿಗೆ ಏಳ್ಬೇಡ. ಯಾಕಮ್ಮಾ ಈ ಕತ್ತಲಲ್ಲಿ ಬಂದ್ರಿ, ಬಿದ್ದರೆ? ಬಿದ್ರೆ ಬೀಳ್ತೀನಿ, ನಿನ್ನಂಗೆ ಟೀವೀಲಿ ಬೀಳಲ್ವಲ್ಲ. ನಗು ಬಂತು ನನಗೆ, ಮೂರು ದಿನದಲ್ಲಿ ಮೊದಲ ಸಲ. ಸಿಂಗಸಂದ್ರಕ್ಕೆ ಓಯ್ತೀಯಂತೆ? ನೋಡಬೇಕಮ್ಮಾ. ನೋಡೋದೇನ್ ಬಂತು, ನಾ ಸತ್ರೆ ಮೈಕ್‌ನಾಗೆ ನಾಕ್ ಮಾತ್ ಚಂದಾಗಿ ಆಡಾಕೆ ನೀನೇ ಬೇಕು ಅಂತ ಏಳಿವ್ನಿ, ಅಲ್ಲೀಗಂಟ ಇಲ್ಲೇ ಬಿದ್ದಿರು. ಪರದೆಯ ಮೇಲೆ ಹನ್ನೊಂದು ಸೆಕೆಂಡು ಮತ್ತೆ ಬಂತು, ಅವಳು ಕಣ್ಣು ಕಿರಿದು ಮಾಡಿದಳು, ಥೂ, ನಿನ್ ಮಕವ ಮುದ್ದೆ ತೊಳಸ್ದಂಗೆ ತೊಳಸವ್ರಲ್ಲೋ, ಅದೇನ್ ಅಂಗೆ ನೆಲದಾಗಿಂದ ತೆಗ್ದವ್ರೆ, ಮೊಣಕಾಲು ಈಟ್ ದಪ್ಪ, ತಲೆ ಈಟೇ, ತೊಟ್ಲಾಗಿನ್ ಕೂಸು ನೋಡ್ದಂಗೆ ಕಾಣ್ತೀಯ, ಯಾವನೋ ನಿನ್ ಕಾಲ್ತಾವ್ಲೇ ಇದ್ದೋನು ತೆಗ್ದವ್ನೆ, ಅವ್ನ್ ಕೈ ಸೇದೋಗ! ಬೇಡಮ್ಮಾ, ಹಾಗನ್ನಬೇಡಿ, ಕೈ ಸೇದಲಿ ಅನ್ನಬೇಡಿ — ಎಷ್ಟು ಜೋರಾಗಿ ಅಂದೆನೋ, ಆಕೆ ಬೆಚ್ಚಿ ನನ್ನ ಮುಖ ನೋಡಿದಳು, ಯಾಕಪ್ಪಾ, ಗೊತ್ತಾ ನಿಂಗೆ? ಗೊತ್ತಿಲ್ಲಮ್ಮಾ. ತೋಳು ಹಿಡಿದು ಅವಳ ಮನೆಯ ಜಗುಲಿಯವರೆಗೆ ಬಿಟ್ಟು ಬಂದೆ, ಉಣ್ಣು ಆರೋಯ್ತದೆ ಎಂದಳು, ಉಣ್ಣುತ್ತೇನೆ ಎಂದೆ.

ಪಾತ್ರೆಯ ಮುಚ್ಚಳ ತೆಗೆದಿಲ್ಲ. ನನ್ನ ಕಾಲಬಳಿ ಯಾರೂ ಕುಳಿತಿರಲಿಲ್ಲ. ಮೊದಲ ಸಾಲು ಎರಡು ಮಾರು ಆಚೆ ಇತ್ತು. ಹುಡುಗರು ಫೋನು ಹಿಡಿದಿದ್ದು ತಲೆಯ ಮೇಲೆ, ಅವರ ಚಿತ್ರದಲ್ಲಿ ಸಾಲು ಸಾಲು ಟೋಪಿಗಳು ಕಾಣಬೇಕು, ಇದರಲ್ಲಿ ಒಂದು ಟೋಪಿಯೂ ಇಲ್ಲ, ನಾನು ಮಾತ್ರ, ಮೊಣಕಾಲಿನಿಂದ ಮೇಲಕ್ಕೆ ನಾನೊಬ್ಬನೇ. ಮೊಣಕಾಲಿನೆತ್ತರಕ್ಕೆ ಅಲ್ಲಿ ಇದ್ದದ್ದು ಕುರಾನ್ ಇಡುವ ಮರದ ಪೀಠ, ಖಾಲಿಯಾಗಿತ್ತು, ಅದಕ್ಕೆ ಒರಗಿಸಿದ್ದು ನನ್ನ ಫೋನು, ಒರಗಿಸಿದವನು ನಾನು. ಕಾರ್ಖಾನೆಯ ಚಾಳಿ, ವೇದಿಕೆ ಹತ್ತಿದಾಗಲೆಲ್ಲ ಟೇಪ್‌ರೆಕಾರ್ಡರ್ ಕಾಲಬಳಿ ಇಟ್ಟು, ಆಮೇಲೆ ಮನೆಯಲ್ಲಿ ಕೇಳಿ, ಎಲ್ಲಿ ಉಸಿರು ತಪ್ಪಿದೆ ಎಂದು ಗುರುತು ಹಾಕಿಕೊಳ್ಳುವುದು, ಮೂವತ್ತು ವರ್ಷದ ಅಭ್ಯಾಸ, ಖೈರುನ್ನಿಸಾ ಇದ್ದಾಗ ಅವಳೂ ಪಕ್ಕದಲ್ಲಿ ಕುಳಿತು ಕೇಳುತ್ತಿದ್ದಳು, ಅರ್ಥವಾಗದಿದ್ದರೂ ತಲೆದೂಗುತ್ತಿದ್ದಳು. ಮೂರು ದಿನ ಇದು ನನಗೆ ಹೊಳೆಯಲಿಲ್ಲವೆ — ಹೊಳೆದಿತ್ತು, ಮೊದಲ ದಿನವೇ ಹೊಳೆದಿತ್ತು, ಅದಕ್ಕೇ ಬಿರಿಯಾನಿ ಅಂಗಡಿಯ ಅಳಿಯನನ್ನು ಅಷ್ಟು ಸಲ ಕಟಕಟೆ ಹತ್ತಿಸಿದೆ. ಎಲ್ಲರ ಮುಖಕ್ಕೂ ಕೆಂಪು ವೃತ್ತ ಹಾಕಿ ದೊಡ್ಡದು ಮಾಡಿ ತೋರಿಸುವ ಆ ಚಾನೆಲ್ಲು ನನ್ನೊಬ್ಬನ ಮುಖವನ್ನೇಕೆ ಕಲಸಿತು, ಯಾವ ಕೈಗೆ ಈ ಮುಖವನ್ನು ಬರಿದಾಗಿ ತೋರಿಸಲು ಆಗಲಿಲ್ಲ, ಹೆಸರು ಬಯಲು ಮಾಡುತ್ತೇವೆಂದು ಕೂಗುವವರಿಗೆ ಮೂರು ದಿನವಾದರೂ ಹೆಸರನ್ನು ಹೇಳದೆ ತುಟಿ ಕಚ್ಚಿ ಕುಳಿತವರು ಯಾರು. ಆ ಶುಕ್ರವಾರ ರಾತ್ರಿ ಕೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ, ಮನೆ ತುಂಬ ಮೌನ, ನಿನ್ನ ಅಪ್ಪ ಇನ್ನೂ ಮುದುಕನಾಗಿಲ್ಲ, ಬಿಡುವಿದ್ದಾಗ ಕೇಳು ಎಂದು ಬರೆದು ಇಪ್ಪತ್ತೆರಡು ನಿಮಿಷದ ವಿಡಿಯೊವನ್ನು ಕಳಿಸಿದೆ, ಒಬ್ಬರಿಗೇ, ಇಡೀ ಲೋಕದಲ್ಲಿ ಒಬ್ಬರಿಗೇ, ಫೋನು ತೆರೆದಿದ್ದೇನೆ, ಕೆಳಗೆ ಎರಡು ನೀಲಿ ಟಿಕ್ಕು, ಕೇಳಿದ್ದಾಳೆ, ಉತ್ತರವಿಲ್ಲ, ಮೇಲ್ಗಡೆ ಒಂದು ಹೆಸರು, ಇಪ್ಪತ್ತಾರು ವರ್ಷದ ಹಿಂದೆ ಆಸ್ಪತ್ರೆಯಲ್ಲಿ, ಬಟ್ಟೆಯ ಸುತ್ತಿನಿಂದ ಹೊರಬಂದಿದ್ದ ಅಂಗೈಯಗಲದ ಕೆಂಪು ಮುಖವನ್ನು ಎತ್ತಿ ಹಿಡಿದು, ಕಿವಿಯಲ್ಲಿ ಅಜಾನ್ ಹೇಳಿದ ಮೇಲೆ ಅದೇ ಕಿವಿಯಲ್ಲಿ ಎಲ್ಲರಿಗಿಂತ ಮೊದಲು ನಾನೇ ಉಸುರಿದ ಹೆಸರು —

ಸಬೀಹಾ.