ವಿಭೂತಿ ಹಚ್ಚಿದ ಡಿವಿಡಿ

2017ರ ಅಕ್ಟೋಬರ್ 3, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಚಿಕ್ಕನಿಂಗಮ್ಮ ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದಿರುವ ಸ್ಟುಡಿಯೋಗೆ ಬಂದು, ಸೆರಗಿನಲ್ಲಿ ಸುತ್ತಿ ತಂದಿದ್ದ ಡಿವಿಡಿಯನ್ನು ಶಾಂತರಾಜುವಿನ ಮೇಜಿನ ಮೇಲಿಟ್ಟಳು. ಹೊಳೆಯುವ ಮೈಯ ಮೇಲೆ ಮೂರು ಬೆರಳಿನ ವಿಭೂತಿ ಪಟ್ಟೆ, ಪಕ್ಕದಲ್ಲೊಂದು ಕುಂಕುಮದ ಬೊಟ್ಟು.

ಆಯುಧಪೂಜೆ ಮುಗಿದು ನಾಲ್ಕು ದಿನವಾಗಿತ್ತು. ಚಿಕ್ಕನಿಂಗಮ್ಮನ ಗಂಡ ಮುತ್ತಯ್ಯ ರೇಷ್ಮೆ ಸೀರೆ ನೇಯುವವನು. ಪೂಜೆಯ ದಿನ ಅವರ ಮನೆಯಲ್ಲಿ ಮಗ್ಗ, ಲಾಳಿ, ಕತ್ತರಿಯ ಜೊತೆಗೆ ಟಿವಿಗೂ, ಹಿರಿಮಗಳು ಸ್ಪಂದನಳ ಮದುವೆಯ ಡಿವಿಡಿಗೂ ವಿಭೂತಿ ಬೀಳುತ್ತಿತ್ತು. ಮಾರನೆಯ ದಿನ ಅದನ್ನು ಒದ್ದೆ ಬಟ್ಟೆಯಲ್ಲಿ, ತಟ್ಟೆ ಉಜ್ಜಿದ ಹಾಗೆ ಸುತ್ತ ಸುತ್ತ ಒರೆಸಿ ಎತ್ತಿಡುತ್ತಿದ್ದರು. ಏಳು ವರ್ಷ ಹೀಗೇ ನಡೆದಿತ್ತು. ಈ ಸಲ ಒರೆಸಿ ಹಾಕಿದರೆ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಟ್ಟಿತು. ಬೇರೇನೂ ತೋಚದೆ ಚಿಕ್ಕನಿಂಗಮ್ಮ ಮತ್ತೆ ವಿಭೂತಿ ಬಳಿದು ತಂದಿದ್ದಳು.

"ನಮ್ಮಣ್ಣ ಸ್ಪಂದನನ ಎತ್ಕಂಡು ಬತ್ತಾನಲ್ಲ, ಅಲ್ಲಿಗೇ ಸರಿಯಾಗಿ ನಿಂತೋಯ್ತದೆ ಕಣಪ್ಪ," ಎಂದಳು. "ನಂಗೆ ಬೇಕಾಗಿರದೇ ಅದು."

ಯಾಕೆ ಬೇಕೆಂಬುದನ್ನೂ ಹೇಳಿದಳು. ಅವಳ ಅಣ್ಣ ಶಿವಮಲ್ಲಪ್ಪ ಸತ್ತೇಗಾಲದಲ್ಲಿ ತೆಂಗಿನ ತೋಟ ಮಾಡಿಕೊಂಡಿದ್ದ. ಸ್ಪಂದನಳ ಮಗುವಿಗೆ ಹೆಸರಿಡುವಾಗ ಮುತ್ತಯ್ಯ ಖುದ್ದಾಗಿ ಹೋಗಿ ಕರೆಯದೆ, ಮಗ್ಗ ಬಿಟ್ಟು ಬರಲಾಗುವುದಿಲ್ಲವೆಂದು ಕರೆಯೋಲೆಯನ್ನು ಬಸ್ ಕಂಡಕ್ಟರನ ಕೈಯಲ್ಲಿ ಕಳಿಸಿದ್ದ. ಅಂದಿನಿಂದ ಐದು ವರ್ಷ ಶಿವಮಲ್ಲಪ್ಪ ತಂಗಿಯ ಹೊಸ್ತಿಲು ತುಳಿದಿರಲಿಲ್ಲ. ಈಗ ಕಾರ್ತೀಕದಲ್ಲಿ ಕಿರಿಮಗಳು ದೀಪಳ ಮದುವೆ. ಹೆಣ್ಣನ್ನು ಮಂಟಪಕ್ಕೆ ಎತ್ತಿಕೊಂಡು ಬರಬೇಕಾದವನು ಸೋದರಮಾವ. ಚಿಕ್ಕನಿಂಗಮ್ಮ ಎರಡು ಸಲ ಹೋಗಿ ಬರಿಗೈಯಲ್ಲಿ ಬಂದಿದ್ದಳು. ಅಣ್ಣನ ಬಾಯಿಂದ ಬಂದದ್ದು ಒಂದೇ ಮಾತು, ನಿಮ್ಮ ಮನೆಗೆ ನಾನು ಯಾವಾಗ ಬೇಕಾಗಿದ್ದೆ ಎಂದು.

"ಸ್ಪಂದನನ ಎತ್ಕಂಡಾಗ ಅತ್ತಿದ್ದ ಅವ್ನು. ಒಂದ್ಸಲ ಕಣ್ಣಾರೆ ನೋಡ್ಕಂಡ್ರೆ ಬತ್ತಾನೆ."

ಬಿ.ಎಸ್ಸಿ. ಓದುವಾಗ ಎರಡು ವರ್ಷ ಇವಳ ಕೈ ಊಟ ಮಾಡಿದವನು ಶಾಂತರಾಜು. ಆ ಮದುವೆಯ ವಿಡಿಯೋ ತೆಗೆದವನೂ ಅವನೇ. ಆಗ ಅಂಗಡಿಗೆ ಕಂಪನಿಯ ಹೆಸರಿಲ್ಲದ ಅಗ್ಗದ ಡಿಸ್ಕ್ ತರಿಸುತ್ತಿದ್ದ. ಬೇಗ ಮುಗಿಯಲೆಂದು ಹದಿನಾರು ಪಟ್ಟು ವೇಗದಲ್ಲಿ ಬರೆಯುತ್ತಿದ್ದ, ಬರೆಯುತ್ತಿರುವಾಗಲೇ ಅದೇ ಕಂಪ್ಯೂಟರಿನಲ್ಲಿ ಫೋಟೋ ಪ್ರಿಂಟಿಗೂ ಕೊಡುತ್ತಿದ್ದ. ಮೂಲ ಪ್ರತಿಯನ್ನು ಎರಡು ತಿಂಗಳಿಗೆ ಅಳಿಸಿಬಿಡುವುದು ಅಂಗಡಿಯ ವಾಡಿಕೆ. ತಪ್ಪು ವಿಭೂತಿಯದಷ್ಟೇ ಅಲ್ಲ, ತನ್ನದೂ ಇದೆ ಎಂದು ಅವಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವಳು ಅದಕ್ಕೆ ಬೆಲೆಯನ್ನೇ ಕೊಡದೆ, ಊಟ ಮಾಡಿದೆಯಾ ಎಂದು ಕೇಳಿದಳು.

ಸಂಜೆ ಮುತ್ತಯ್ಯ ಬಂದಾಗ ಶಾಂತರಾಜು ಡಿಸ್ಕನ್ನು ದೀಪದ ಕೆಳಗೆ ಹಿಡಿದು ಗೀರುಗಳನ್ನು ತೋರಿಸಿದ. ಚಿತ್ರವೆಲ್ಲ ಇದರಲ್ಲಿ ಒಂದೇ ಎಳೆಯಾಗಿ ಸುತ್ತಿಕೊಂಡಿರುತ್ತದೆ. ಒಳಗಿನಿಂದ ಅಂಚಿಗೆ ನೇರವಾಗಿ ಒರೆಸಿದರೆ ಗೀರು ಬಿದ್ದರೂ ಪ್ರತಿ ಸುತ್ತಿನಲ್ಲಿ ಚೂರೇ ಚೂರು ಹಾಳಾಗುತ್ತದೆ, ಅಷ್ಟನ್ನು ಯಂತ್ರ ತುಂಬಿಕೊಳ್ಳುತ್ತದೆ. ಸುತ್ತ ಒರೆಸಿದರೆ ಗೀರು ಎಳೆಯ ಉದ್ದಕ್ಕೇ ಬೀಳುತ್ತದೆ.

"ಹಾಸಿನಾಗೆ ಉದ್ದಕ್ಕಿರೋ ಒಂದೆಳೆ ಕಿತ್ತೋದ್ರೆ ಸೀರೆ ಪೂರ್ತಾ ಗೆರೆ ಬೀಳ್ತದಲ್ಲ, ಅಂಗೆ," ಎಂದ ಮುತ್ತಯ್ಯ. ಶಾಂತರಾಜು ಏಳು ವರ್ಷಗಳಲ್ಲಿ ಯಾವ ಗಿರಾಕಿಗೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಇನ್ನೊಂದು ಪ್ರತಿ ಹನೂರಿನಲ್ಲಿ ಸ್ಪಂದನಳ ಬಳಿ ಇತ್ತು. ಬುಧವಾರ ಶಾಂತರಾಜು ಬೈಕಿನಲ್ಲಿ ಹೋಗಿ ತಂದ. ಅದಕ್ಕೆ ಪೂಜೆ ಆಗಿರಲಿಲ್ಲ. ಆದರೆ ಕಿಟಕಿಯ ಪಕ್ಕ ಬಿಸಿಲಿಗೆ ಬಿದ್ದು ಅಂಚಿನ ಬಣ್ಣ ಮಾಸಿತ್ತು. ಡಿಸ್ಕ್ ಒಳಗಿನಿಂದ ಹೊರಕ್ಕೆ ಬರೆದುಕೊಳ್ಳುವುದರಿಂದ ಮದುವೆಯ ಕೊನೆ, ಅಂದರೆ ಬೀಗರ ಊಟ, ಹೋಗಿತ್ತು. ಮೊದಲನೆಯದರಲ್ಲಿ ಕೆಟ್ಟದ್ದು ನಡುವಿನ ಭಾಗ. ಎರಡನ್ನೂ ಅತಿ ನಿಧಾನದ ವೇಗದಲ್ಲಿ, ಓದಲಾಗದ ಕಡೆ ಮತ್ತೆ ಮತ್ತೆ ಓದಿಸಿ, ಒಂದರ ತೂತಿಗೆ ಇನ್ನೊಂದರಿಂದ ತೇಪೆ ಹಾಕುತ್ತ ಶಾಂತರಾಜು ಗುರುವಾರ ಇಡೀ ದಿನ ಕುಳಿತ. ಸೋದರಮಾವ ಹನೂರಿನ ಪ್ರತಿಯಿಂದ ಇಡಿಯಾಗಿ ಸಿಕ್ಕಿದ.

ಇನ್ನು ಹೊಸ ಡಿಸ್ಕ್ ಬೇಕು. ಕೊಳ್ಳೇಗಾಲದ ಅಂಗಡಿಗಳಲ್ಲಿ ಉಳಿದಿದ್ದದ್ದು ಅಗ್ಗದ ಮಾಲು. ಯಳಂದೂರಿನಲ್ಲಿ ಸ್ಟುಡಿಯೋ ಮುಚ್ಚಿ ಕುಳಿತಿದ್ದ ನಟರಾಜು ನೆನಪಾದ. ಅವನ ಕಬ್ಬಿಣದ ಬೀರುವಿನ ಕತ್ತಲಲ್ಲಿ ಒಳ್ಳೆಯ ಕಂಪನಿಯ ಹನ್ನೆರಡು ಡಿಸ್ಕ್ ಸೀಲು ಒಡೆಯದೆ ಕುಳಿತಿದ್ದವು. ಮ್ಯೂಸಿಯಮ್ಮಿಗೆ ಒಯ್ಯುತ್ತೀಯಾ ಎಂದು ತಮಾಷೆ ಮಾಡಿ ಕೊಟ್ಟ.

ಶುಕ್ರವಾರ ಶಾಂತರಾಜು ಒಂದೊಂದನ್ನೇ ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಚಿಕ್ಕನಿಂಗಮ್ಮ ಬಂದಳು. ಏನು ಹುಡುಕುತ್ತೀಯ ಎಂದಳು. ಒಳಗಿನ ಬೆಳ್ಳಿ ಲೇಪದಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಅಲ್ಲಿ ಬೆಳಕು ತೂರುತ್ತದೆ, ಅಂಥದ್ದು ಬೇಡ ಎಂದ. ಅವಳು ಅವನ ಕೈಯಿಂದ ಡಿಸ್ಕುಗಳನ್ನು ತೆಗೆದುಕೊಂಡು, ನಲವತ್ತು ವರ್ಷ ಸೀರೆಯ ಮೈ ನೋಡಿದ ಕಣ್ಣಿನಿಂದ ಒಂದೊಂದನ್ನೂ ಓರೆ ಮಾಡಿ ತಿರುಗಿಸಿದಳು. ಶಾಂತರಾಜು ಸರಿ ಎಂದಿದ್ದ ಮೂರರಲ್ಲಿ ಅವಳಿಗೆ ತೂತು ಕಂಡಿತು. ಅವನು ಭೂತಗನ್ನಡಿ ತಂದು ನೋಡಿದ. ಮೂರರಲ್ಲೂ ಇತ್ತು.

"ಕಾಲೇಜು ಓದಿ ಏನ್ ಬಂತ್ಲಾ," ಎಂದಳು. ಬೈಗುಳದಲ್ಲಿ ಬಡಿಸುವ ಕೈಯ ಸಲುಗೆಯಿತ್ತು.

ಅವಳು ಆರಿಸಿದ ಒಂದನ್ನು ಯಂತ್ರಕ್ಕೆ ಹಾಕಿದ. ಬೇರೆ ಕೆಲಸಗಳನ್ನೆಲ್ಲ ನಿಲ್ಲಿಸಿದ, ಯುಪಿಎಸ್ ನೋಡಿದ, ವೇಗವನ್ನು ನಾಲ್ಕಕ್ಕೆ ಇಟ್ಟ. ಬರೆದು ಮುಗಿದ ಮೇಲೆ ಮೊದಲಿನಿಂದ ಕೊನೆಯವರೆಗೆ ಓದಿಸಿ, ಕಂಪ್ಯೂಟರಿನಲ್ಲಿದ್ದ ತೇಪೆಯ ಪ್ರತಿಯೊಂದಿಗೆ ತಾಳೆ ನೋಡಿದ. ಒಂದು ತಪ್ಪೂ ಬರಲಿಲ್ಲ. ಆದರೂ ಮನಸ್ಸಿಗೆ ಸಮಾಧಾನವಾಗದೆ, ಪಕ್ಕದ ಹೋಟೆಲಿನ ಹಳೆಯ ಪ್ಲೇಯರಿನಲ್ಲಿ ಹಾಕಿ ನೋಡಿ ಬಂದ.

ಭಾನುವಾರ ಮೂವರೂ ಸತ್ತೇಗಾಲದ ಬಸ್ಸು ಹತ್ತಿದರು. ಮುತ್ತಯ್ಯ ತಟ್ಟೆ, ಎಲೆಯಡಿಕೆ, ಅರಿಶಿನ ಕುಂಕುಮ ಎಲ್ಲವನ್ನೂ ತೊಡೆಯ ಮೇಲಿಟ್ಟುಕೊಂಡೇ ಕುಳಿತಿದ್ದ. ಶಿವಮಲ್ಲಪ್ಪ ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದವನು ತಲೆ ಎತ್ತಿ ತಂಗಿಯ ಗಂಡನನ್ನು ನೋಡಿದ, ಅವನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಬೀದಿಯನ್ನೂ ನೋಡಿದ.

"ಯಾಕೆ, ಕಂಡಕ್ಟ್ರು ಬರ್ನಿಲ್ವಾ?"

ಮುತ್ತಯ್ಯ ತಟ್ಟೆಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದ. ಶಿವಮಲ್ಲಪ್ಪ ಮುಟ್ಟಲಿಲ್ಲ, ಒಳಗೆ ಬರಬೇಡಿ ಎಂದೂ ಹೇಳಲಿಲ್ಲ.

ಶಾಂತರಾಜು ಅವನ ಪ್ಲೇಯರಿಗೆ ಡಿಸ್ಕ್ ಹಾಕಿದ. ಶಾಸ್ತ್ರಗಳೆಲ್ಲ ಓಡಿದವು. ಹಳೆಯ ಡಿಸ್ಕ್ ನಿಲ್ಲುತ್ತಿದ್ದ ಜಾಗ ಬಂತು. ನಿಲ್ಲಲಿಲ್ಲ. ಏಳು ವರ್ಷ ಚಿಕ್ಕವನಾದ ಶಿವಮಲ್ಲಪ್ಪ ಸ್ಪಂದನಳನ್ನು ತೋಳಲ್ಲಿ ಎತ್ತಿಕೊಂಡು ಮೆಟ್ಟಿಲು ಹತ್ತಿ ಬಂದ. ಮುಖ ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಕಣ್ಣೀರು ಗಡ್ಡದವರೆಗೆ ಇಳಿದು ಹುಡುಗಿಯ ಬಾಸಿಂಗದ ಮೇಲೆ ಬಿತ್ತು.

"ಓಮದ್ ಒಗೆ ಕಣ್ಲಾ ಅದು," ಎಂದ ಶಿವಮಲ್ಲಪ್ಪ.

ಆ ಹೊತ್ತಿಗೆ ಹೋಮದ ಕುಂಡಕ್ಕೆ ಬೆಂಕಿಯೇ ಬಿದ್ದಿರಲಿಲ್ಲ. ಅಂದು ಕ್ಯಾಮೆರಾದ ಹಿಂದೆ ನಿಂತಿದ್ದ ಶಾಂತರಾಜುವಿಗೆ ಅದು ಗೊತ್ತಿತ್ತು. ಇನ್ನೊಂದು ಸಲ ಹಾಕು ಎಂದ ಶಿವಮಲ್ಲಪ್ಪ. ಮತ್ತೊಂದು ಸಲ ಎಂದ. ಮೂರನೆಯ ಸಲ ಮುಗಿದಾಗ ಮುತ್ತಯ್ಯನ ಕೈಯಿಂದ ತಟ್ಟೆ ತೆಗೆದುಕೊಂಡು ದೇವರ ಗೂಡಿನ ಕೆಳಗಿಟ್ಟ. ಚಿಕ್ಕನಿಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಂಗೀಗ ಅರವತ್ತೆಂಟು," ಎಂದ ಅವನು ತಂಗಿಗೆ. "ಸೊಂಟ ಇಡ್ಕಂತದೆ. ದೀಪ ಎಷ್ಟ್ ತೂಗ್ತಾಳೆ?"

ಹೆತ್ತವರಿಬ್ಬರಿಗೂ ಗೊತ್ತಿರಲಿಲ್ಲ. ಫೋನು ಮಾಡಿದರೆ ದೀಪ ನಕ್ಕು, ಯಾಕೆಂದು ಕೇಳಿದಳು. ಮಾವ ಕೇಳುತ್ತಿದ್ದಾನೆ ಎಂದ ಕೂಡಲೇ ನಗು ನಿಂತಿತು. ಅರ್ಧ ಗಂಟೆಯ ಮೇಲೆ, ಇವರು ಊಟಕ್ಕೆ ಕುಳಿತಿದ್ದಾಗ, ಔಷಧದ ಅಂಗಡಿಯ ತೂಕದ ಯಂತ್ರದ ಮೇಲೆ ಚಪ್ಪಲಿ ಬಿಟ್ಟು ನಿಂತುಕೊಂಡೇ ಅವಳು ಫೋನು ಮಾಡಿದಳು. ಐವತ್ತೆರಡು ಕಿಲೋ ಆರುನೂರು ಗ್ರಾಂ.